ಹರಿಣಾಕ್ಷಿಯ ಬೆರಳು

೧೧ ಜುಲೈ ೨೦೦೫

ಇವತ್ತೂ ನನ್ನ ಊಟದ ಡಬ್ಬಿ ತಡ. ಶಿವಾಜಿನಗರದ ಬಸ್ಸು ತಪ್ಪಿತು, ಆಫೀಸಿನಲ್ಲಿ ಲೇಟ್ ಮಾರ್ಕ್. ತಮ್ಮನ ಹೆಂಡತಿ ಹರಿಣಾಕ್ಷಿ ಬೆಳಿಗ್ಗೆ ಬಿಸಿನೀರಿನ ಪಾತೇಲಿಯಲ್ಲಿ ಕೈ ಅದ್ದಿಕೊಂಡು ಕೂರುತ್ತಾಳೆ. ಮಹಾರಾಣಿ! ಗ್ಯಾಸು ದಂಡ. ಬೆರಳು ಬಿಗಿಯುತ್ತವಂತೆ, ರೊಟ್ಟಿ ಬಡಿಯಲು ಆಗುವುದಿಲ್ಲವಂತೆ. ಸಂಜೆ ನೋಡಿದರೆ ಮಷೀನಿನ ಮುಂದೆ ಕೂತು ಓಣಿಯವರ ಬ್ಲೌಸೆಲ್ಲ ಹೊಲಿಯುತ್ತಾಳೆ. ಅಡಿಗೆಮನೆಗೆ ಮಾತ್ರ ಬೇನೆ…

ತಮ್ಮ ಚನ್ನವೀರನಿಗೆ ಹೇಳಿದೆ. "ಅಕ್ಕಾ, ನೀನ ಒಮ್ಮೆ ಡಾಕ್ಟರಿಗೆ ತೋರಿಸಿಬಿಡು. ಇಲ್ಲಿ ಡಾಕ್ಟರೆಲ್ಲಾ ಮರಾಠಿಯವರು, ಅಕೀಗಿ ಮರಾಠಿ ಬರೂದಿಲ್ಲ" ಎಂದ. ಈ ಮನೆಯಲ್ಲಿ ಎಲ್ಲದಕ್ಕೂ ನಾನೇ, ಈ ಶೈಲಾನೇ ಬೇಕು.

೧೬ ಜುಲೈ, ಶನಿವಾರ

ಹಾಫ್ ಡೇ. ಸಂಜೆ ಗಲ್ಲಿಯ ಡಾಕ್ಟರ ಹತ್ತಿರ ಹೋದೆವು. ಬೆಳಿಗ್ಗೆ ಬೆರಳು ಬಿಗಿಯುತ್ತವೆಯೆ, ಎಷ್ಟು ಹೊತ್ತು ಎಂದು ಮರಾಠಿಯಲ್ಲಿ ಕೇಳಿದರು. ಅವಳು ನನ್ನ ಮುಖ ನೋಡಿದಳು. "ಥೋಡಾ ವೇಳ್, ಡಾಕ್ಟರ್. ಪಾಚ್-ದಹಾ ಮಿನಿಟ್", ಐದು-ಹತ್ತು ನಿಮಿಷ ಅಷ್ಟೇ, ಎಂದುಬಿಟ್ಟೆ. ತಾಸುಗಟ್ಟಲೆ ಕೈ ಅದ್ದಿಕೊಂಡು ಕೂರುತ್ತಾಳೆ, ನಮ್ಮ ಮನೆಯ ಸೊಸೆ ಸೋಮಾರಿ ಅಂತ ಹೊರಗಿನವರ ಮುಂದೆ ಹೇಳುವುದೆ? ಹಿರಿಯ ನಾದಿನಿ ಮಾತಾಡುವಾಗ ಹರಿಣಾಕ್ಷಿ ನಡುವೆ ಬಾಯಿ ಹಾಕುವವಳಲ್ಲ. ಆ ಗುಣ ಮಾತ್ರ ಚಲೋ.

ರಕ್ತ ಕೊಟ್ಟು ಬಂದೆವು.

೧೯ ಜುಲೈ

ಆರ್‌ಎ ಫ್ಯಾಕ್ಟರ್, ಸಂಧಿವಾತದ ರಕ್ತಪರೀಕ್ಷೆ, ನೆಗೆಟಿವ್! ಇಎಸ್‌ಆರ್ ಜಾಸ್ತಿ ಇದೆ, ಅಂದರೆ ಮೈಯಲ್ಲಿ ಎಲ್ಲೋ ಬಾವು, ಆದರೆ ಅದು ನೆಗಡಿ-ಜ್ವರಕ್ಕೂ ಏರುತ್ತದಂತೆ. ನೋವಿನ ಗುಳಿಗೆ ಬರೆದರು. ಕಡಿಮೆಯಾಗದಿದ್ದರೆ ಮತ್ತೆ ಕರೆದುಕೊಂಡು ಬನ್ನಿ ಎಂದರು.

"ನೋಡು, ನಿನಗ ಏನೂ ಇಲ್ಲ" ಎಂದೆ. "ಹೌದ್ರಿ ಅಕ್ಕಾರ" ಎಂದಳು. ಮುಖ ಯಾಕೋ ಸಣ್ಣದಾಯಿತು.

೪ ಮಾರ್ಚ್ ೨೦೦೬

ನನಗೆ ಜ್ವರ, ರಜೆ. ಬೆಳಿಗ್ಗೆ ಅಡಿಗೆಮನೆಯಲ್ಲಿ ಧಡ್ ಅಂತ ಸದ್ದು. ಹಾಲಿನ ಪಾತ್ರೆ ಕೆಳಗೆ. ಹರಿಣಾಕ್ಷಿ ಎರಡೂ ಮಣಿಕಟ್ಟುಗಳ ನಡುವೆ ಒತ್ತಿ ಹಿಡಿದು ಎತ್ತಲು ಹೋಗಿದ್ದಳು. ಕೈ ಹಿಡಿದು ನೋಡಿದೆ. ಎರಡೂ ಕೈಗಳ ಗೆಣ್ಣು ಊದಿವೆ, ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿವೆ. ಒಂದೇ ಮನೆಯಲ್ಲಿದ್ದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಷೀನಿಗೆ ದೀಪಾವಳಿಯಿಂದ ಬಟ್ಟೆ ಮುಚ್ಚಿದೆ, ಯಾಕೆ ಅಂತ ಕೂಡ ಕೇಳಿರಲಿಲ್ಲ.

"ಯಾಕ ಹೇಳಲಿಲ್ಲ?"

"ರಿಪೋರ್ಟಿನ್ಯಾಗ ಏನೂ ಇಲ್ಲಂದ್ರಲ್ರಿ… ನಂದೇ ಆಲಸ್ಯ ಇರಬೇಕು ಅನ್ಕೊಂಡೆ."

ಜ್ವರದಲ್ಲೇ ಕೂತು ಅತ್ತುಬಿಟ್ಟೆ.

೯ ಮಾರ್ಚ್

ಕೀಲುಬೇನೆಯ ಸ್ಪೆಷಲಿಸ್ಟ್ ಡಾ. ಮಧುಕರ. ಬೆಳಗಾವಿಯಲ್ಲಿ ಓದಿದವರು, ಕನ್ನಡ ಬರುತ್ತದೆ. ಅದೇ ಪ್ರಶ್ನೆ ಕೇಳಿದರು: ಬೆಳಿಗ್ಗೆ ಎಷ್ಟು ಹೊತ್ತು? ರೂಢಿ, ನಾನೇ ಬಾಯಿ ತೆರೆದೆ. "ನೀವು ಸ್ವಲ್ಪ ಹೊರಗ ಕೂಡ್ರಿ" ಎಂದರು.

ಪರದೆಯಾಚೆ ಅವಳ ದನಿ. "ಹೊತ್ತು ಏರೋತನಾ ಮುಷ್ಟಿ ಕಟ್ಟಾಕ ಬರೂದಿಲ್ರಿ. ಮೊದಲ ಸಂಜೀಕ ಸಡಲ ಆಗ್ತಿದ್ವು. ಅಕ್ಕಾರು ಏಳೂದಕ್ಕಿಂತ ಮೊದಲ ಎದ್ದು ಬಿಸಿನೀರಾಗ ಕೈ ಇಡ್ತಿದ್ದೆ… ಅವರ ಡಬ್ಬಿ ತಡ ಆಗಬಾರದಂತ." ನನ್ನ ಡಬ್ಬಿಗಾಗಿ. ನಾನು ಗ್ಯಾಸಿನ ಲೆಕ್ಕ ಹಾಕುತ್ತಿದ್ದೆ.

ಆಮೇಲೆ ಒಳಗೆ ಕರೆದರು. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದರೂ ರುಮಟಾಯ್ಡ್ ಸಂಧಿವಾತ ಇರಬಹುದಂತೆ. ರಕ್ತ ಹೇಳುವುದು ಅರ್ಧ. ಬೆಳಗಿನ ಬಿಗಿತ ಬಹಳ ಹೊತ್ತು ಇದ್ದರೆ, ಎರಡೂ ಕೈಗಳಲ್ಲಿ ಅವೇ ಗೆಣ್ಣು ಊದಿದರೆ, ಉಳಿದರ್ಧ ಅದು. "ಇದನ್ನ ಯಾರೂ ಕೇಳಲಿಲ್ಲೇನು ಮೊದಲ?" ಎಂದರು.

ಕೇಳಿದ್ದರು. ಉತ್ತರ ಕೊಟ್ಟವಳು ನಾನು.

೧೪ ಮಾರ್ಚ್

ಆಫೀಸಿನಿಂದ ಒಬ್ಬಳೇ ಹೋಗಿ ರಿಪೋರ್ಟು ತಂದೆ. ಸಂಧಿವಾತಕ್ಕೇ ಇರುವ ಹೊಸ ರಕ್ತಪರೀಕ್ಷೆ, ಸಿಸಿಪಿ — ಪಾಸಿಟಿವ್. ಎಕ್ಸ್‌ರೇಯಲ್ಲಿ ಎಲುಬು ಸವೆದಿದೆ. ಗುಳಿಗೆಯಿಂದ ರೋಗ ಮುಂದೆ ಹೋಗದಂತೆ ತಡೆಯಬಹುದು, ಸೊಟ್ಟಗಾದದ್ದು ಇನ್ನು ನೆಟ್ಟಗಾಗುವುದಿಲ್ಲ. "ಮಳಿಗಾಲದಾಗ ಬಂದಿದ್ರ…" ಎಂದು ಡಾಕ್ಟರು ಅಲ್ಲಿಗೇ ನಿಲ್ಲಿಸಿದರು.

ಮನೆಯ ಬಾಗಿಲಲ್ಲೇ ಹರಿಣಾಕ್ಷಿ ನಿಂತಿದ್ದಳು. "ಏನಂದ್ರು ಅಕ್ಕಾರ? ನೆಟ್ಟಗ ಆಗ್ತಾವಂತೇನು?"

"ಆಗ್ತಾವಂತ" ಎಂದೆ. ನಿಜ ಹೇಳುವ ಧೈರ್ಯ ಬರಲಿಲ್ಲ.

ನನ್ನ ಕೈಯಿಂದ ರಿಪೋರ್ಟು ತೆಗೆದುಕೊಂಡಳು. "ಮುಂದಿನ ಸಲ ಡಾಕ್ಟರ ಕಡೆ ನಾ ಒಬ್ಬಾಕೆನ ಹೋಗ್ತೀನ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ತಪ್ಪಾಯಿತು ಎನ್ನಬಹುದಿತ್ತು.