ಅಜ್ಜನ ಕೈಮಾತು

ಮಾರ್ಚ್ 3, ಸೋಮವಾರ
ಆಸ್ಪತ್ರೆಗೆ ಮತ್ತೆ ಅದೇ ಬಸ್ಸು, ಅದೇ ಓಟ್ಸ್ ಗಂಜಿಯ ಫ್ಲಾಸ್ಕ್. ಅಜ್ಜನಿಗೆ ಸ್ಟ್ರೋಕ್ ಆಗಿ ಹನ್ನೊಂದು ದಿನ. ಅಜ್ಜ, ಅಜ್ಜಿ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು; ಆಡುವುದೆಲ್ಲ ಕೈಮಾತು. ಸ್ಕೂಲು ಬಿಟ್ಟು, ಆಮೇಲೆ ಎರಡು ಕೆಲಸವನ್ನೂ ಬಿಟ್ಟು ಕೂತವಳು ನಾನು — ಅವರಿಗೂ ಡಾಕ್ಟರಿಗೂ ನಡುವೆ ಮಾತು ದಾಟಿಸುತ್ತ.

"ಕೈ ಚೆನ್ನಾಗಿ ಆಡ್ತಿದೆ. ಗುರುವಾರ ಮನೆಗೆ ಕರ್ಕೊಂಡು ಹೋಗಿ" ಎಂದರು ಡಾಕ್ಟರು.

ಅಜ್ಜ ಕೈಯಲ್ಲಿ ಏನೋ ಹೇಳಿದ. ತಲೆಬುಡ ತಿಳಿಯಲಿಲ್ಲ. "ಜ್ಯೂಸ್ ಕೇಳ್ತಿದಾನೆ" ಎಂದು ಅಜ್ಜಿಯ ಕೈ. ಅವನ ಕೈಯಲ್ಲಿ ಜ್ಯೂಸ್ ಎಂಬ ಮಾತೇ ಇರಲಿಲ್ಲ. ಆದರೂ ಡಾಕ್ಟರಿಗೆ ಹಾಗೇ ಹೇಳಿಬಿಟ್ಟೆ.

ಮಾರ್ಚ್ 4
ಬಸ್ಸಿನಲ್ಲಿ ಕೇಳಿದೆ: "ನಿಂಗೂ ಅರ್ಥ ಆಗ್ತಿಲ್ಲ, ಅಲ್ವಾ ಅಜ್ಜಿ?" ಕಿಟಕಿಗೆ ಮುಖ ತಿರುಗಿಸಿದಳು. ನಮ್ಮಲ್ಲಿ ಅದು ಬಾಗಿಲು ಹಾಕಿಕೊಂಡಂತೆ.

ಮನೆಯಲ್ಲಿ ತಾನೇ ಶುರು ಮಾಡಿದಳು. "ಸ್ಕೂಲಲ್ಲಿ ಕೈ ಆಡಿಸಿದ್ರೆ ರೂಲರ್‌ನಲ್ಲಿ ಬಾರಿಸ್ತಿದ್ರು. ನನ್ನ ಪಕ್ಕ ಕೂರ್ತಿದ್ದ ಹುಡುಗನ್ನ ಬುದ್ಧಿ ಇಲ್ಲ ಅಂತ ಹುಚ್ಚಾಸ್ಪತ್ರೆಗೆ ಹಾಕಿದ್ರು. ಕಿವಿ ಕೇಳೋ ಜನಕ್ಕೆ ಏನೂ ಹೇಳಬೇಡ."

ಮಾರ್ಚ್ 5
ಹೇಳಿದೆ. ಅಜ್ಜನ ಕೈಮಾತು ನಮಗೇ ತಿಳಿಯುತ್ತಿಲ್ಲ ಎಂದು, ಸ್ಪೀಚ್ ಥೆರಪಿಯ ಮಿಸ್ ಹಾಲೋರನ್‌ಗೆ.

"ಅವರು ಮೊದಲೂ ಮಾತಾಡ್ತಿರಲಿಲ್ವಲ್ಲ?"

"ದಿನವಿಡೀ ಮಾತಾಡ್ತಿದ್ದ. ತಲೆ ತಿಂತಿದ್ದ."

ಆಕೆ ಅಜ್ಜನಿಗೆ ಬಾಚಣಿಗೆ ಕೊಟ್ಟರು. ಅಜ್ಜ ನೀಟಾಗಿ ತಲೆ ಬಾಚಿಕೊಂಡ. ಇದಕ್ಕೇನಂತಾರೆ ಎಂದು ನನ್ನಿಂದ ಕೇಳಿಸಿದರು. ಕೈ ಗಲ್ಲಕ್ಕೆ ಹೋಯಿತು, ಎದೆಗೆ ಹೋಯಿತು... ನಿಂತಿತು. ಅಳು ಬಂತು ಅವನಿಗೆ.

ಆಕೆ ಬಾಚಣಿಗೆ ತೆಗೆದಿಟ್ಟು ನನ್ನತ್ತ ತಿರುಗಿದರು. "ಕೈ ಸರಿ ಇದೆ. ಬುದ್ಧಿನೂ ಇದೆ. ಪೆಟ್ಟು ಬಿದ್ದಿರೋದು ಭಾಷೆಗೆ." ಭಾಷೆ ಅಂದರೆ ಬಾಯಿಂದ ಬರುವ ಸದ್ದು ಅಂತಲೇ ಹಳೇ ಪುಸ್ತಕಗಳಲ್ಲಿ ಬರೆದಿತ್ತಂತೆ. ಈಗ ಭಾಷಾಶಾಸ್ತ್ರದವರು ಹಾಗೆ ಹೇಳುವುದಿಲ್ಲವಂತೆ. ಕೈಮಾತೂ ಪೂರಾ ಭಾಷೆಯೇ. ಅಜ್ಜನನ್ನು ನೋಡಿದ ಮೇಲೆ ನನಗೆ ಶಾಸ್ತ್ರ ಬೇಕಿರಲಿಲ್ಲ.

ಗುರುವಾರ ಮನೆಗಿಲ್ಲ. ಆರು ವಾರ ಥೆರಪಿ. ಭಾಷೆ ವಾಪಸ್ ಬರುತ್ತಾ? "ಖಾತ್ರಿ ಇಲ್ಲ."

ಎಲ್ಲವನ್ನೂ ಇದ್ದ ಹಾಗೇ ಅಜ್ಜಿಗೆ ದಾಟಿಸಿದೆ. "ಸ್ಕೂಲು ಬಿಟ್ಟೋಳು ದೊಡ್ಡ ಡಾಕ್ಟರಾದ್ಲು" ಎಂದಳು. ಆಮೇಲೆ ನನ್ನತ್ತ ನೋಡಲಿಲ್ಲ.

ಮಾರ್ಚ್ 9
ಇನ್ನೂ ನೋಡಿಲ್ಲ.

ಮಾರ್ಚ್ 20, ಸಂಜೆ
ಇವತ್ತು ಥೆರಪಿಗೆ ಅಜ್ಜಿಯೂ ಬಂದು ಎದುರಿಗೆ ಕೂತಳು. ಅಜ್ಜ ಉದ್ದಕ್ಕೆ ಏನೋ ಹೇಳಿದ. "ಏನಂದ್ರು?" ಮಿಸ್ ಹಾಲೋರನ್ ನನ್ನಿಂದ ಅಜ್ಜಿಯನ್ನೇ ಕೇಳಿಸಿದರು.

ಅಜ್ಜಿ ಅವರನ್ನು ಬಿಟ್ಟು ಅಜ್ಜನತ್ತ ತಿರುಗಿದಳು. ಅಜ್ಜನ ಮೊಣಕಾಲು ತಟ್ಟಿ, ಅವನು ನೋಡುವವರೆಗೆ ಕಾದಳು.

"ನಂಗೆ ಅರ್ಥ ಆಗ್ಲಿಲ್ಲ, ಎಲ್ವುಡ್. ಇನ್ನೊಂದ್ಸಲ ಹೇಳು."

ಅಜ್ಜ ಕೈ ಎತ್ತಿದ. ನಿಧಾನವಾಗಿ. ಮೊದಲು ಹಣೆಗೆ... ಆಮೇಲೆ — ಅಜ್ಜಿ ಈ ಸಲ ಮುಖ ತಿರುಗಿಸಲಿಲ್ಲ.