ಒಂದೇ ನೀಲಿ

ಮಾರ್ಚ್ 4

ವಿಡಿಯೋ ಇನ್ನೂ ರೆಂಡರ್ ಆಗುತ್ತಿದೆ. ತಿರುಗುವ ಸಾಣೆಕಲ್ಲು ಸಿಡಿದರೆ ಅದರ ಮುಂದಿರುವ ಉಕ್ಕಿನ ಕವಚ ತಡೆಯುತ್ತದೆಯೇ — ಕಂಪ್ಯೂಟರಿನಲ್ಲೇ ಒಡೆದು ನೋಡುವ ಆರು ಕೋಟಿ ಕಣಗಳ ಸಿಮ್ಯುಲೇಶನ್. ಒಡೆದ ಒಂದೊಂದು ಚೂರಿಗೂ ಬೇರೆ ಬೇರೆ ಬಣ್ಣ ಕೊಟ್ಟಿದ್ದೆ. ಮ್ಯಾನೇಜರ್ ಬಂದ. ಅಂಗಿಗೂ ಸುಕ್ಕಿಲ್ಲ, ಮಾತಿಗೂ ಸುಕ್ಕಿಲ್ಲ. ನಾವಿಟ್ಟ ಹೆಸರು ಇಸ್ತ್ರಿ.

"ಇದೇನ್ರೀ, ಚಿಂದಿ ಅಂಗಡಿ ಥರ! ಕವಚಕ್ಕೆಲ್ಲ ಒಂದೇ ಬಣ್ಣ ಬಳೀರಿ. ನಮ್ಮ ಕಂಪನಿ ನೀಲಿ."

ಬಳಿದೆ.

ಮಾರ್ಚ್ 5, ಮಧ್ಯಾಹ್ನ

ಮೈಯೆಲ್ಲ ಉರಿಯುತ್ತಿದೆ. ಕವಚ ಒಡೆದಿದೆ! ಸಿಮ್ಯುಲೇಶನ್ ಮುಗಿಯುವ ಹೊತ್ತಿಗೆ ಚೂರುಗಳು ಇನ್ನೂ ದೂರ ಸರಿದಿಲ್ಲ, ಅಷ್ಟೇ. ಎಲ್ಲಕ್ಕೂ ಒಂದೇ ನೀಲಿ, ಬಿರುಕು ಕಾಣುವುದೇ ಇಲ್ಲ. ಹೇಳಿದೆ. ಇಸ್ತ್ರಿ ನಕ್ಕ.

"ವಿಡಿಯೋ ಚೆನ್ನಾಗ್ ಬಂದಿದ್ಯಲ್ಲ, ಇಲ್ದಿರೋ ತಲೆನೋವು ಯಾಕೆ?"

ತಲೆನೋವಂತೆ! ಈ ಕೆಲಸ ಕೊಟ್ಟ ಕಾರ್ಖಾನೆಯಲ್ಲಿ ಈ ಕವಚದ ಹಿಂದೆ ದಿನಾ ನಿಲ್ಲುವವಳು ನನ್ನ ತಂಗಿ. ಕಲ್ಲಿಗೂ ಅವಳ ಮುಖಕ್ಕೂ ನಡುವೆ ಅದೊಂದೇ. ಯಾವ ಗಿರಾಕಿಯ ಕೆಲಸವೆಂದು ಹೊರಗೆ ಬಾಯಿ ಬಿಡುವಂತಿಲ್ಲ. ಅವಳಿಗೂ ಹೇಳಿಲ್ಲ.

ಮಾರ್ಚ್ 11

ಬರೆಯಲಿಲ್ಲ. ಬರೆದಿದ್ದರೆ ಪೆನ್ನು ಮುರಿಯುತ್ತಿತ್ತು. ಇಸ್ತ್ರಿಗೆ ಉದ್ದುದ್ದ ಮೇಲ್ ಹಾಕಿದೆ. ಉತ್ತರ — ಒಂದು ಹೆಬ್ಬೆರಳಿನ ಚಿತ್ರ. ಥೂ.

ನಾಳೆ ಕಾರ್ಖಾನೆಯವರು ವಿಡಿಯೋ ನೋಡಲು ಬರುತ್ತಾರೆ.

ಮಾರ್ಚ್ 12

ಎಲ್ಲರೂ ಪರದೆಯ ಮುಂದೆ. ಕಾರ್ಖಾನೆಯ ಯಜಮಾನರು ತಲೆದೂಗಿದರು. "ಪರವಾಗಿಲ್ವೇ, ಕಲ್ಲು ಪುಡಿ, ಕವಚ ಗಟ್ಟಿ!" ಇಸ್ತ್ರಿ ಹಲ್ಲು ಕಿರಿದ.

ಮೌಸ್ ನನ್ನ ಕೈಯಲ್ಲಿತ್ತು. ವಿಡಿಯೋ ನಿಲ್ಲಿಸಿ ಸಿಮ್ಯುಲೇಶನ್ನನ್ನೇ ತೆರೆದೆ, ಚೂರುಗಳನ್ನು ಬಿಡಿಸಿ ದೂರ ತಳ್ಳುವ ಸ್ಲೈಡರ್ ಎಳೆದೆ. ಇಡಿಯಾಗಿದ್ದ ಕವಚ ಹನ್ನೊಂದು ತುಂಡಾಗಿ ಬಿಚ್ಚಿಕೊಂಡಿತು. ದೊಡ್ಡ ತುಂಡು ಸರಿಯಾಗಿ ಮುಖದೆತ್ತರಕ್ಕೆ.

"ಏನಮ್ಮ ಇದು?"

"ಒಡೆದದ್ದು ಸಾರ್. ಬಣ್ಣ ಬಳಿದು ಮುಚ್ಚಿದ್ವಿ."

ಇಸ್ತ್ರಿಯ ಮುಖದಲ್ಲಿ ಮೊದಲ ಸಲ ಸುಕ್ಕು ಕಂಡೆ. ಸತ್ಯವಾಗಿ ಖುಷಿಯಾಯಿತು.

ಮಾರ್ಚ್ 14

ಮನೆಯಲ್ಲಿದ್ದೇನೆ. ಇನ್ನು ಬರಬೇಡಿ ಅಂದರು. ಬೆನ್ನು ತಟ್ಟುತ್ತಾರೆಂದು ನಾನೇನೂ ಕಾದಿರಲಿಲ್ಲ... ಆದರೂ ಹೊಟ್ಟೆ ಉರಿಯುತ್ತದೆ.

ಈಗ ತಂಗಿಯ ಫೋನ್. ಅವಳಿಗೂ ಸಿಟ್ಟು ನೆತ್ತಿಗೇರಿತ್ತು.

"ಅಕ್ಕಾ, ನಮ್ಮ ಮಿಷಿನ್ ಎಲ್ಲ ನಿಲ್ಲಿಸ್ಬಿಟ್ರು! ಕವರ್ ಬದಲಾಯ್ಸೋವರೆಗೂ ಸಂಬಳ ಇಲ್ವಂತೆ. ಯಾವಳೋ ಕಂಪ್ಯೂಟರ್ ಮುಂದೆ ಕೂತ್ಕೊಂಡು ಕಡ್ಡಿ ಆಡ್ಸಿದ್ದಾಳೆ. ಅವಳ ಕೆಲಸ ಹೋಗ!"

"ಹೋಗಿದೆ ಬಿಡೇ," ಎಂದೆ.

"ಏನಂದೆ?"

"ಏನಿಲ್ಲ. ವಿಡಿಯೋ ಕಾಲ್ ಮಾಡು. ನಿನ್ನ ಮುಖ ಒಂದ್ಸಲ ನೋಡ್ಬೇಕು."