ಕ್ಯಾಮೆರಾಗೆ ಕಾಲು ಬಂದ ದಿನ

ಸೋಮವಾರ, ಬೆಳಿಗ್ಗೆ

ಗುಬ್ಬಿ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಫೋನು ಮಾಡಿದರೆ ನೀನು ಅಳುತ್ತೀಯ, ನಾನು ಕರಗುತ್ತೇನೆ. ಆಮೇಲೆ ನಿನ್ನನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬರುತ್ತದೆ. ಅದಕ್ಕೇ ಈ ಕಾಗದ. ಬೆರಳು ನೋಯುತ್ತಿದೆ, ನೋಯಲಿ.

ಶನಿವಾರ ನಿನ್ನ ಸಂಸ್ಥೆಯ ಸಭಾಂಗಣದಲ್ಲಿ ನಾನಿದ್ದೆ. “ನೀನು ಬರಬೇಡ ಅಕ್ಕ, ಅಲ್ಲಿ ಮೆಟ್ಟಿಲು ಜಾಸ್ತಿ, ಬರೀ ಸಂಶೋಧನೆ ಮಾತು, ಬೇಜಾರಾಗುತ್ತೆ ನಿಂಗೆ” ಎಂದಿದ್ದೆಯಲ್ಲ, ಒಂದು ಮೆಟ್ಟಿಲೂ ಇರಲಿಲ್ಲ. ನನ್ನ ತಂಗಿ ದೊಡ್ಡವರ ಮುಂದೆ ಮಾತಾಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನಿನ್ನ ಭಾವನನ್ನು ಪೀಡಿಸಿ ಬಂದಿದ್ದೆ. ಕೊನೆಯ ಸಾಲಿನಲ್ಲಿ ಬೀಗುತ್ತಾ ಕುಳಿತಿದ್ದೆ.

ಮೊದಮೊದಲು ಚೆನ್ನಾಗಿಯೇ ಇತ್ತು. ನನ್ನಂತೆ ಸಂಧಿವಾತ ಬಂದವರಿಗೆ ದಪ್ಪ ಹಿಡಿಯ ಚಾಕು, ಮೊಣಕೈಯಿಂದ ತಿರುಗಿಸುವ ನಲ್ಲಿ, ಡಬ್ಬಿಯ ಮುಚ್ಚಳ ಎಬ್ಬಿಸುವ ಸಾಧನ. ನನ್ನ ಅಡುಗೆಮನೆಯಲ್ಲಿ ನಾವಿಬ್ಬರೂ ಕಿತ್ತಾಡಿಕೊಂಡು ಸರಿಮಾಡಿದ ಸಾಮಾನೆಲ್ಲ, ನೀನು ಮೂಲೆಯಲ್ಲಿ ಕ್ಯಾಮೆರಾ ಇಟ್ಟು ಹಿಡಿದದ್ದು, ಪರದೆಯ ಮೇಲೆ ಬಂತು. ನಾನು ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ಎಳೆಯುವುದನ್ನು ಕಂಡು ಜನ ನಕ್ಕರು. ನಾನೂ ನಕ್ಕೆ.

ಆಮೇಲೆ ಬಟ್ಟೆಯ ಸರದಿ. “ಇದು ನಮ್ಮ ಮೊದಲ ಮಾದರಿ. ಗುಂಡಿ ಇಲ್ಲ, ತಲೆಯ ಮೇಲಿಂದ ಹಾಕಿಕೊಳ್ಳುವ ಅಂಗಿ. ಇದು ಎಲ್ಲಿ ಸೋತಿತು ನೋಡಿ” ಎಂದು ನೀನು ಹೇಳಿದೆ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. “ನಾನು ದಾರ ತರೋಕೆ ಹೋಗ್ತೀನಿ, ಅಷ್ಟರಲ್ಲಿ ಹಾಕ್ಕೊಂಡು ನೋಡ್ತಿರು” ಎಂದು ನೀನು ಹೊರಟೆ. ಕ್ಯಾಮೆರಾ ಎಂದಿನಂತೆ ಮೂಲೆಯಲ್ಲಿತ್ತು. ತೋಳು ಒಳಗೆ ಹೋಯಿತು, ಭುಜದ ಹತ್ತಿರ ಬಟ್ಟೆ ಕಚ್ಚಿಕೊಂಡಿತು. ಎರಡೂ ಕೈ ಮೇಲೆ, ಮುಖದ ಮೇಲೆ ಬಟ್ಟೆ, ಹೊಟ್ಟೆ ಬತ್ತಲೆ. ಇಳಿಸಲಾರೆ, ಕಿತ್ತೆಸೆಯಲಾರೆ. ಉಸಿರು ಕಟ್ಟತೊಡಗಿತು. ಹಣೆ ಗೋಡೆಗೆ ಬಡಿಯಿತು. “ಗುಬ್ಬೀ, ಬೇಗ ಬಾರೇ” ಎಂದು ಕೂಗಿ ಕೂಗಿ ಗಂಟಲು ಒಣಗಿತು. ಎಷ್ಟೋ ಹೊತ್ತಿನ ಮೇಲೆ ನೀನು ಓಡಿ ಬಂದು ಕತ್ತರಿಯಿಂದ ಅಂಗಿ ಸೀಳಿ ಬಿಡಿಸಿದೆ. “ಅಯ್ಯೋ ಅಕ್ಕ, ಅಂಗಡೀಲಿ ತುಂಬಾ ರಶ್ಶು” ಎಂದು ಹಣೆಗೆ ತಣ್ಣೀರು ಒತ್ತಿದೆ. ಪಾಪ, ಹುಡುಗಿ ಗಾಬರಿಯಾಗಿದ್ದಾಳೆ ಎಂದು ನಾನೇ ನಿನಗೆ ಕಾಫಿ ಮಾಡಿಕೊಟ್ಟೆ.

ಶನಿವಾರ ಪರದೆಯ ಮೇಲೆ ನಾನು ಕಣ್ಣು ಕಾಣದೆ ತಡವರಿಸುತ್ತಿದ್ದಾಗ ಚಿತ್ರ ಅಲುಗಾಡಿತು. ಕ್ಯಾಮೆರಾ ಮೂಲೆಯಿಂದ ಎದ್ದು ನನ್ನ ಹತ್ತಿರ ಬಂತು. ಭುಜದ ಹೊಲಿಗೆಯನ್ನು ತೋರಿಸಿತು. ಸುತ್ತಿ ಹೋಗಿ ಬೆನ್ನಿನ ಬಿಗಿತವನ್ನೂ ತೋರಿಸಿತು. ಮತ್ತೆ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು.

ಕ್ಯಾಮೆರಾಗೆ ಕಾಲು ಎಲ್ಲಿಂದ ಬಂತೇ?

ನೀನು ಅಲ್ಲೇ ಇದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ನಿನ್ನನ್ನು ಕರೆಯುತ್ತಿದ್ದೆ, ನೀನು ಹೊಲಿಗೆ ನೋಡುತ್ತಿದ್ದೆ.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಕೈ ಎತ್ತಿದವಳು ನಾನೇ. ದೀಪದ ಬೆಳಕಿಗೆ ನಿನಗೆ ಮುಖ ಕಾಣಲಿಲ್ಲ. “ಆ ಹೆಂಗಸನ್ನ ಬಿಡಿಸೋಕೆ ಯಾಕಮ್ಮ ಅಷ್ಟು ಹೊತ್ತಾಯ್ತು?” ಎಂದು ಕೇಳಿದೆ. ಧ್ವನಿ ಕೇಳಿದ್ದೇ ನೀನು ಬಿಳಿಚಿಕೊಂಡೆ. ಆದರೂ ಸಾವರಿಸಿಕೊಂಡು, “ಅವರಿಗೆ ಎಲ್ಲಾ ಮೊದಲೇ ತಿಳಿಸಿದ್ವಿ, ಅವರ ಒಪ್ಪಿಗೆ ಇತ್ತು” ಎಂದುಬಿಟ್ಟೆಯಲ್ಲ.

ಅವರಂತೆ! ಅಮ್ಮ ಹೋದ ಮೇಲೆ ದಿನಾ ನಿನಗೆ ಗುಂಡಿ ಹಾಕಿ ಶಾಲೆಗೆ ಕಳಿಸಿದವಳು ಒಂದು ಸಭೆಯ ಎದುರಿಗೆ ‘ಅವರು’ ಆಗಿಹೋದಳು.

ಬಾಯಿಬಿಟ್ಟು ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆನೇನೇ? “ಅಕ್ಕ, ನೀನು ಸಿಕ್ಕಿಹಾಕ್ಕೊಳ್ಳೋದನ್ನ ನೋಡ್ಬೇಕು, ಪಕ್ಕದಲ್ಲೇ ಇರ್ತೀನಿ” ಎಂದಿದ್ದರೆ ನೀನು ಸಾಕೆನ್ನುವವರೆಗೆ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಆದರೆ ಆಗ ನಾನು ಹೆದರುತ್ತಿರಲಿಲ್ಲ. ನಿನಗೆ ನನ್ನ ಹೆದರಿಕೆಯೂ ಬೇಕಾಗಿತ್ತು.

ಆ ಚಿತ್ರವನ್ನು ಅಳಿಸಬೇಕು. ನಿನ್ನ ಮೇಲಿನವರ ಎದುರಿಗೆ ಅಳಿಸಬೇಕು. ನನಗೆ ತಿಳಿಸಿರಲಿಲ್ಲ ಎಂದು ಅವರಿಗೆ ನೀನೇ ಹೇಳಬೇಕು. ಅಲ್ಲಿಯವರೆಗೆ ಈ ಮನೆಗೆ ಬರಬೇಡ.

ನಿನ್ನೆ ನೀನು ಬಂದು ಬಾಗಿಲು ಬಡಿದೆಯಲ್ಲ, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡಿರಬೇಕು. ಬಾಗಿಲ ಈಚೆಗೆ ನಾನು ನಿಂತಿದ್ದೆ. ‘ಅಕ್ಕಾ, ಅಕ್ಕಾ’ ಎಂದು ನೀನು ಕರೆಯುವುದನ್ನು ಕೇಳಿಸಿಕೊಂಡು ಸುಮ್ಮನೆ ನಿಲ್ಲುವುದಿದೆಯಲ್ಲ, ಅದು ಸುಲಭವಲ್ಲ ಕಣೇ. ನಿನಗೆ ಹೇಗಾದರೂ ಸಾಧ್ಯವಾಯಿತೋ.

ಇಂತಿ,
ಅಕ್ಕ

ತಾ.ಕ.: ಕೊನೆಗೆ ನೀನು ಹೊಲಿದುಕೊಟ್ಟ ಅಂಗಿಯನ್ನು ವಾಪಸ್ ಕಳಿಸುವುದಿಲ್ಲ. ಯಾರ ಹಂಗೂ ಇಲ್ಲದೆ ತೊಡುತ್ತೇನೆ, ಅದು ನನ್ನದು. ಆದರೆ ಎಡ ಕಂಕುಳಲ್ಲಿ ಬಿಗಿಯುತ್ತದೆ, ಮೊದಲ ದಿನದಿಂದಲೂ. ನೀನು ಕೇಳಿದಾಗಲೆಲ್ಲ ‘ಹೂವಿನ ಹಾಗಿದೆ’ ಎಂದದ್ದು ನಿನ್ನ ಮುಖ ಬಾಡಬಾರದೆಂದು. ನನ್ನ ಮಾತು ನಂಬಿ ಅದೇ ಅಳತೆಯಲ್ಲಿ ಊರಿಗೆಲ್ಲ ಹೊಲಿಸಬೇಡ. ಕಂಕುಳ ಸುತ್ತನ್ನು ಎರಡು ಬೆರಳು ಕೆಳಗಿಳಿಸು.